ಮಧುಮೇಹ ಮತ್ತು ವಸಡಿನ ರೋಗ

ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಾಗಿ ಒಂದೆರಡು ವರ್ಷ ಕಳೆದಿರಬೇಕು. ಮಾರಿಕುಪ್ಪಂನ ಕಾರ್ಮಿಕರ ಲೈನುಮನೆಯೊಂದರಿಂದ ಐವತ್ತರ ಆಸುಪಾಸಿನ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಹಲ್ಲುಜ್ಜಿದರೆ ರಕ್ತ ಬರುತ್ತದೆ, ಬಾಯಿ ವಾಸನೆಯಿಂದಾಗಿ ನಾಲ್ಕು ಜನರ ನಡುವೆ ಮಾತನಾಡಲು ಸಂಕೋಚ, ಎದುರಿನ ಎರಡು ಹಲ್ಲುಗಳು ಅಲ್ಲಾಡುತ್ತಿವೆ ಎಂಬುದು ಅವರ ದೂರು. "ವಯಸ್ಸಾಗ್ತಾ ಬಂತಲ್ಲ ಡಾಕ್ಟ್ರೇ, ಹಲ್ಲು ಹೋಗೋದು ಇದ್ದದ್ದೇ. ರಕ್ತ ನಿಂತರೆ ಸಾಕು" ಎಂದರು. ನಾವೂ ಅಷ್ಟಕ್ಕೇ ಚಿಕಿತ್ಸೆ ಮಾಡಿದೆವು. ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ತಿಳಿಸಿ, ದಂತಮಂಜನ ಕೊಟ್ಟು ಕಳುಹಿಸಿದೆವು. ರಕ್ತ ಕೊಂಚ ಕಡಿಮೆಯಾಯಿತು, ಮತ್ತೆ ಬಂದಿತು. ಮತ್ತೆ ಮಂಜನ ಕೊಟ್ಟೆವು. ಹೀಗೆ ಆರೇಳು ತಿಂಗಳು ನಡೆಯಿತು. ಒಂದು ದಿನ ಅವರು ಕಾಲ್ಬೆರಳಿನ ಹುಣ್ಣು ತೋರಿಸಲು ಬಂದಾಗ ಬೆರಳು ಕಪ್ಪಗಾಗಿತ್ತು. ಅಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ 380 ಇತ್ತು. ಬೆರಳನ್ನು ಉಳಿಸಲಾಗಲಿಲ್ಲ.

ಗಣಿಯ ಕೆಲಸದೊಂದಿಗೆ ಕಂಪೆನಿಯ ವೈದ್ಯಸೌಲಭ್ಯವೂ ಕುಟುಂಬಗಳ ಕೈತಪ್ಪಿದ ದಿನಗಳವು. ಪರೀಕ್ಷೆಗೆ ಹಣ ಕೊಡುವುದೂ ಆಕೆಗೆ ಕಷ್ಟವಿತ್ತು. ಆದರೆ ಅದನ್ನು ನಾವು ನೆಪವಾಗಿ ಹೇಳಲಾರೆವು. ಪರೀಕ್ಷೆ ಮಾಡಿಸಬೇಕೆಂಬ ಆಲೋಚನೆಯೇ ನಮಗೆ ಬರಲಿಲ್ಲ. ವಸಡಿನ ದೂರನ್ನು ವಸಡಿನದೆಂದೇ ತಿಳಿದೆವು.

ಇದರಲ್ಲಿ ನಮಗೆ ಹೆಚ್ಚು ನಾಚಿಕೆ ತಂದ ಸಂಗತಿ ಬೇರೆಯೇ ಇದೆ. ನಾವು ಓದಿದ ಶಾಸ್ತ್ರದಲ್ಲಿಯೇ ಈ ಸೂಚನೆ ಸ್ಪಷ್ಟವಾಗಿತ್ತು. ಸುಶ್ರುತ ಸಂಹಿತೆಯ ನಿದಾನಸ್ಥಾನದ ಆರನೆಯ ಅಧ್ಯಾಯವು ಪ್ರಮೇಹವನ್ನು ಕುರಿತದ್ದು. ರೋಗವು ಪೂರ್ಣವಾಗಿ ಪ್ರಕಟವಾಗುವ ಮೊದಲೇ ಕಾಣುವ ಪೂರ್ವರೂಪಗಳನ್ನು ಎಣಿಸುವಾಗ ಅಂಗುಳು, ಗಂಟಲು, ನಾಲಿಗೆ ಮತ್ತು ಹಲ್ಲುಗಳಲ್ಲಿ ಮಲವು ಶೇಖರವಾಗುವುದನ್ನೂ ಅಲ್ಲಿ ಹೇಳಿದೆ. ಚರಕಾಚಾರ್ಯರು ಬಾಯಿ ಸಿಹಿಯಾಗುವುದು, ಬಾಯಿ ಮತ್ತು ಗಂಟಲು ಒಣಗುವುದು, ಕೈಕಾಲುಗಳ ಜೋಮು ಹಾಗೂ ಉರಿಯನ್ನು ಪೂರ್ವರೂಪಗಳಲ್ಲಿ ಸೇರಿಸಿದ್ದಾರೆ. ಪರೀಕ್ಷೆಗಾಗಿ ಈ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದ ನಾವು, ರೋಗಿಯ ಬಾಯಿಯೊಳಗೆ ಅದೇ ವಾಕ್ಯ ಕಣ್ಣೆದುರು ನಿಂತಾಗ ಗುರುತಿಸಲಿಲ್ಲ. ಅಂದಿನಿಂದ ವಸಡಿನ ರಕ್ತಸ್ರಾವವೆಂದು ಬಂದ ಮಧ್ಯವಯಸ್ಕರನ್ನು ರಕ್ತದ ಸಕ್ಕರೆ ನೋಡದೆ ಕಳುಹಿಸಿಲ್ಲ. ಈ ಲೇಖನವನ್ನು ಬರೆಯುತ್ತಿರುವುದೂ ಅದೇ ಕಾರಣಕ್ಕೆ.

ಇನ್ನು ವಿಷಯಕ್ಕೆ ಬರೋಣ. ಕನ್ನಡದ ವಸಡು ತಮಿಳರ ಬಾಯಲ್ಲಿ ಈರು, ತೆಲುಗರಲ್ಲಿ ಚಿಗುರು. ಮೂರೂ ಭಾಷೆಯವರು ಬೆರೆತಿರುವ ನಮ್ಮ ಕೆ.ಜಿ.ಎಫ್. ಕಡೆ ವಸಡಿಗೆ ಮೂರು ಹೆಸರಿದ್ದರೂ ಮಧುಮೇಹಕ್ಕೆ ಎಲ್ಲರೂ ಹೇಳುವುದು ಶುಗರ್ ಎಂದೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡ 11.4ರಷ್ಟು ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಕಣ್ಣು, ಮೂತ್ರಪಿಂಡ, ನರ, ರಕ್ತನಾಳ, ಮಾಯದ ಗಾಯ ಇವೈದು ಮಧುಮೇಹದ ತೊಡಕುಗಳೆಂದು ಬಹುಕಾಲದಿಂದ ತಿಳಿದಿತ್ತು. ನಾರ್ವೆ ಮೂಲದ ದಂತವಿಜ್ಞಾನಿ ಹರಾಲ್ಡ್ ಲೋ ಅವರು 1993ರಲ್ಲಿ ವಸಡಿನ ರೋಗವನ್ನು ಆರನೆಯ ತೊಡಕೆಂದು ಕರೆದರು. ಮಧುಮೇಹವಿಲ್ಲದವರಿಗೆ ಹೋಲಿಸಿದರೆ ಮಧುಮೇಹಿಗಳಲ್ಲಿ ತೀವ್ರ ವಸಡುರೋಗದ ಸಂಭವ ಸುಮಾರು ಮೂರು ಪಟ್ಟು ಎಂಬುದು ಈಗ ವೈದ್ಯಲೋಕ ಒಪ್ಪಿದ ಮಾತು. ಈ ಹೆಚ್ಚಳ ಕಾಣುವುದು ಮುಖ್ಯವಾಗಿ ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ. ಹತೋಟಿಯಲ್ಲಿಟ್ಟುಕೊಂಡವರ ವಸಡು ಇತರರ ವಸಡಿಗಿಂತ ಬಹಳ ಭಿನ್ನವಾಗಿರುವುದಿಲ್ಲ.

ಸಕ್ಕರೆ ಹೆಚ್ಚಾದರೆ ವಸಡಿಗೆ ಏನಾಗುತ್ತದೆ? ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಪ್ರತಿಯೊಬ್ಬರಲ್ಲೂ ದಿನವೂ ಒಂದು ತೆಳುವಾದ ಪಾಚಿ ಕೂರುತ್ತದೆ. ಅದು ಸೂಕ್ಷ್ಮಾಣುಗಳ ವಸತಿ. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಲವಣಗಳು ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆರೋಗ್ಯವಂತರ ದೇಹ ರಕ್ತದ ಬಿಳಿಕಣಗಳನ್ನು ಆ ಅಂಚಿಗೆ ಕಳುಹಿಸಿ ಸೂಕ್ಷ್ಮಾಣುಗಳನ್ನು ಅಲ್ಲಿಯೇ ತಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಈ ಬಿಳಿಕಣಗಳು ಬರುವುದು ಬರುತ್ತವೆ, ಆದರೆ ಕೊಲ್ಲುವ ಕೆಲಸ ಕುಂದುತ್ತದೆ. ಕಾವಲುಗಾರನಿದ್ದೂ ಕಳ್ಳತನ ನಡೆದಂತೆ. ಜೊತೆಗೆ ವಸಡಿನ ಅಂಚಿನಲ್ಲಿ ಒಸರುವ ದ್ರವದಲ್ಲಿಯೂ ಸಕ್ಕರೆ ಹೆಚ್ಚುತ್ತದೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಬಾಯಿಯನ್ನು ದಿನವಿಡೀ ತೊಳೆಯುತ್ತಿರುವುದು ಜೊಲ್ಲೇ. ಅದು ತಗ್ಗಿದಾಗ ಪಾಚಿ ಬೇಗ ಬೆಳೆಯುತ್ತದೆ.

ಇದಕ್ಕಿಂತ ಆಳವಾದ ಹಾನಿ ಇನ್ನೊಂದಿದೆ. ಬಹುಕಾಲ ಹೆಚ್ಚಿರುವ ಸಕ್ಕರೆ ದೇಹದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಬೆಲ್ಲದ ಪಾಕ ಕೈಗಂಟಿ ಒಣಗಿದರೆ ಬೆರಳು ಮಡಚಲು ಬಾರದಲ್ಲವೇ, ಹೆಚ್ಚುಕಡಿಮೆ ಹಾಗೆಯೇ. ಹಲ್ಲನ್ನು ದವಡೆಯ ಮೂಳೆಗೆ ಕಟ್ಟಿಹಿಡಿದಿರುವುದು ಕೊಲಾಜೆನ್ ಎಂಬ ನಾರು. ಸಕ್ಕರೆ ಅಂಟಿದ ನಾರು ಬಿರುಸಾಗುತ್ತದೆ, ಹಳೆಯದು ಹೋಗಿ ಹೊಸದು ಹುಟ್ಟುವ ಕ್ರಮ ತಪ್ಪುತ್ತದೆ. ಸಕ್ಕರೆ ಅಂಟಿದ ಈ ಪದಾರ್ಥಗಳನ್ನು ಕಂಡು ದೇಹ ಉರಿಯೂತವನ್ನು ಮತ್ತಷ್ಟು ಕೆರಳಿಸುತ್ತದೆ. ವಸಡಿನ ಸೂಕ್ಷ್ಮ ರಕ್ತನಾಳಗಳ ಗೋಡೆ ದಪ್ಪವಾಗಿ ಪೋಷಣೆ ತಲುಪುವುದು ತಡವಾಗುತ್ತದೆ. ಕೊನೆಗೆ ವಸಡು ಹಲ್ಲಿನಿಂದ ಬಿಟ್ಟು ಸಂದಾಗುತ್ತದೆ, ಕೀವು ತುಂಬುತ್ತದೆ, ದವಡೆಯ ಮೂಳೆ ಒಳಗೊಳಗೇ ಸವೆಯುತ್ತದೆ. ಸವೆದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹಲ್ಲಿನಲ್ಲಿ ಹುಳುಕು ಏನೂ ಇಲ್ಲದಿದ್ದರೂ ಮಣ್ಣು ಜರಿದ ಗಿಡದಂತೆ ಹಲ್ಲು ಬುಡದಿಂದ ಅಲ್ಲಾಡುವುದು ಇದರಿಂದಲೇ.

ದುರದೃಷ್ಟವೆಂದರೆ ಇಷ್ಟೆಲ್ಲ ನಡೆಯುವಾಗ ನೋವು ಇರುವುದಿಲ್ಲ, ಇದ್ದರೂ ಅತ್ಯಲ್ಪ. ಹುಳುಕು ಹಲ್ಲು ರಾತ್ರಿಯೆಲ್ಲ ನಿದ್ರೆಗೆಡಿಸಿ ವೈದ್ಯರ ಬಳಿ ಓಡಿಸುತ್ತದೆ. ವಸಡಿನ ರೋಗ ಸದ್ದಿಲ್ಲದೆ ಹತ್ತು ವರ್ಷ ನಡೆಯಬಲ್ಲದು. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೂ ಮೋಸ. ಅವರ ವಸಡಿನ ರಕ್ತಸಂಚಾರ ಕುಗ್ಗಿರುವುದರಿಂದ ರಕ್ತಸ್ರಾವವೆಂಬ ಎಚ್ಚರಿಕೆಯೂ ಕಾಣದು. ರಕ್ತ ಬರುತ್ತಿಲ್ಲ, ಆದ್ದರಿಂದ ವಸಡು ಗಟ್ಟಿಯಾಗಿದೆ ಎಂದು ಧೂಮಪಾನಿಗಳು ತಿಳಿಯಬಾರದು. ಗಣಿಯಲ್ಲಿ ದುಡಿದ ಹಿರಿಯರು ಅನೇಕರು ಹೊಗೆಸೊಪ್ಪನ್ನು ದವಡೆಯ ಒಂದೇ ಮೂಲೆಯಲ್ಲಿಟ್ಟು ಗಂಟೆಗಟ್ಟಲೆ ಕಳೆಯುವುದನ್ನು ಕಂಡಿದ್ದೇವೆ. ಅಂಥವರ ಆ ಒಂದು ಭಾಗದ ವಸಡು ಇಳಿದು ಹಲ್ಲಿನ ಬೇರೇ ಕಾಣುತ್ತಿರುತ್ತದೆ. ಇದು ಕ್ಯಾನ್ಸರಿಗೂ ದಾರಿಯಾದ್ದರಿಂದ ಇಲ್ಲಿ ಬಿಡಿಸಿ ಹೇಳಬೇಕಾದುದೇನೂ ಇಲ್ಲ. ಬಿಡಲೇಬೇಕು.

ಸುಶ್ರುತಾಚಾರ್ಯರು ದಂತಮೂಲದಲ್ಲಿ ಹುಟ್ಟುವ 15 ರೋಗಗಳನ್ನು ವಿಂಗಡಿಸಿದ್ದಾರೆ. ಕಾರಣವಿಲ್ಲದೆ ರಕ್ತ ಒಸರಿ, ವಸಡು ಮೃದುವಾಗಿ ಕೊಳೆಯುವುದನ್ನು ಶೀತಾದವೆಂದೂ, ರಕ್ತ ಮತ್ತು ಕೀವು ಸುರಿದು ಹಲ್ಲು ಚಲಿಸುವುದನ್ನು ದಂತವೇಷ್ಟವೆಂದೂ, ಉರಿ, ಪಾಕ, ದುರ್ಗಂಧಗಳೊಡನೆ ಸ್ವಲ್ಪ ಮುಟ್ಟಿದರೂ ರಕ್ತ ಬರುವುದನ್ನು ಉಪಕುಶವೆಂದೂ ಹೆಸರಿಸಿದ್ದಾರೆ. ಇಂದಿನ ದಂತವೈದ್ಯರು ಹೇಳುವ ವಸಡುರೋಗದ ಹಂತಗಳಿಗೂ ಇವಕ್ಕೂ ಇರುವ ಸಾಮ್ಯವನ್ನು ಓದುಗರೇ ಗಮನಿಸಬಹುದು.

ಇಲ್ಲಿಯವರೆಗೆ ಹೇಳಿದ್ದು ಒಂದು ಮುಖ. ಮಧುಮೇಹವು ವಸಡನ್ನು ಕೆಡಿಸುವಂತೆಯೇ ಕೆಟ್ಟ ವಸಡು ಮಧುಮೇಹವನ್ನು ಹೆಚ್ಚಿಸುತ್ತದೆ ಎಂಬುದು ಎರಡನೆಯ ಮುಖ. ಇದನ್ನು ಬಹಳ ಮಂದಿ ಅರಿಯರು. ಎಲ್ಲ ಹಲ್ಲುಗಳ ಸುತ್ತಲೂ ಸಂದಾಗಿ ಕೀವು ತುಂಬಿದ್ದರೆ ಆ ವ್ರಣಗಳನ್ನೆಲ್ಲ ಒಟ್ಟಿಗೆ ಹರಡಿ ಅಳೆದಾಗ ಅಂಗೈಯಷ್ಟು ಅಗಲದ ಹುಣ್ಣಾಗಬಹುದು. ಅಂಗೈಯಗಲದ ಹುಣ್ಣು ಬೆನ್ನ ಮೇಲಿದ್ದರೆ ಯಾರು ಸುಮ್ಮನಿರುತ್ತಾರೆ? ಬಾಯಿಯೊಳಗಿರುವುದರಿಂದ ಕಾಣದು, ಅಷ್ಟೇ. ಆ ಹುಣ್ಣಿನಿಂದ ಉರಿಯೂತದ ರಾಸಾಯನಿಕಗಳು ಸದಾ ರಕ್ತಕ್ಕೆ ಸೇರುತ್ತಿರುತ್ತವೆ. ಅವು ಇನ್ಸುಲಿನ್ ತನ್ನ ಕೆಲಸ ಮಾಡದಂತೆ ಅಡ್ಡಿಪಡಿಸುತ್ತವೆ. ಪಥ್ಯ ಸರಿಯಿದೆ, ಮಾತ್ರೆ ತಪ್ಪುತ್ತಿಲ್ಲ, ಆದರೂ ಸಕ್ಕರೆ ಇಳಿಯುತ್ತಿಲ್ಲ ಎನ್ನುವವರಲ್ಲಿ ಕೆಲವರ ಗುಟ್ಟು ಇಲ್ಲಿರುತ್ತದೆ.

ಮಾರಿಕುಪ್ಪಂನಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಸಾವಿರಾರು ಜನರಲ್ಲಿ ಒಬ್ಬರು ನಮ್ಮ ಬಳಿ ಬರುತ್ತಾರೆ. ಕಾವಲುಗಾರನ ಕೆಲಸ. ನಸುಕಿಗೆ ಮೊದಲೇ ಎದ್ದು, ಬೆರಳಿನಿಂದ ಎರಡು ಸಲ ಹಲ್ಲು ತಿಕ್ಕಿ, ಓಡಿ ರೈಲು ಹಿಡಿಯುವವರು. ರಾತ್ರಿ ಮನೆಗೆ ಬಂದರೆ ಊಟಮಾಡಿ ಮಲಗುವುದೊಂದೇ. ಅವರ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.2 ಇತ್ತು. ಆಸ್ಪತ್ರೆಯಲ್ಲಿ ಎರಡು ಬಾರಿ ಮಾತ್ರೆ ಹೆಚ್ಚಿಸಿದ್ದರೂ ಇಳಿದಿರಲಿಲ್ಲ. ಬಾಯಿ ತೆರೆಸಿ ನೋಡಿದರೆ ಕೆಳಗಿನ ಮುಂಬಲ್ಲುಗಳ ಹಿಂದೆ ಹಳದಿ ಕಲ್ಲು ಗೋಡೆ ಕಟ್ಟಿತ್ತು, ಒತ್ತಿದರೆ ಕೀವು. ದಂತವೈದ್ಯರ ಬಳಿಗೆ ಕಳುಹಿಸಿದೆವು. ಹೋಗಲು ಅವರು ಎರಡು ತಿಂಗಳು ಸತಾಯಿಸಿದರು, "ಕ್ಲೀನ್ ಮಾಡಿಸಿದರೆ ಇರೋ ಹಲ್ಲೂ ಸಡಿಲ ಆಗುತ್ತಂತಲ್ಲ ಸಾರ್" ಎಂಬ ಭಯ. ಕೊನೆಗೆ ಅವರ ಮಗಳು ಕರೆದುಕೊಂಡು ಹೋದಳು. ನಾಲ್ಕು ಭೇಟಿಗಳಲ್ಲಿ ಸ್ವಚ್ಛಗೊಳಿಸಿ, ಉಳಿಸಲಾಗದ ಎರಡು ಹಲ್ಲುಗಳನ್ನು ತೆಗೆದರು. ಮಾತ್ರೆಯನ್ನು ಬದಲಿಸದೆ ಮೂರು ತಿಂಗಳ ಬಳಿಕ ನೋಡಿದಾಗ 8.6 ಬಂದಿತು. ಪವಾಡವಲ್ಲ. 7ಕ್ಕೆ ಇಳಿಯಲು ಇನ್ನೂ ದೂರವಿತ್ತು, ರಾತ್ರಿಯ ಊಟವನ್ನೂ ತಿದ್ದಬೇಕಾಯಿತು. ಆದರೆ ಮೊದಲ ಬಾರಿಗೆ ಅಂಕಿ ಕೆಳಮುಖವಾಗಿತ್ತು.

ಒಬ್ಬ ರೋಗಿಯ ಅನುಭವದಿಂದ ಸಿದ್ಧಾಂತ ಕಟ್ಟಬಾರದು. ಅನೇಕ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ವಸಡಿನ ಚಿಕಿತ್ಸೆ ಪಡೆದ ಮಧುಮೇಹಿಗಳ ಎಚ್‌ಬಿಎ1ಸಿ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.43ರಷ್ಟೂ ಆರು ತಿಂಗಳಲ್ಲಿ 0.30ರಷ್ಟೂ ಕಡಿಮೆಯಾದುದು ಕಂಡುಬಂದಿದೆ. ಸಣ್ಣ ಅಂಕಿಯೆಂದು ತೋರಬಹುದು. ಆದರೆ ಇಷ್ಟು ಇಳಿಸಲು ಕೆಲವೊಮ್ಮೆ ಇನ್ನೊಂದು ಮಾತ್ರೆ ಸೇರಿಸಬೇಕಾಗುತ್ತದೆ. ಹಾಗೆಂದು ಹಲ್ಲು ಸ್ವಚ್ಛ ಮಾಡಿಸಿದೆವು, ಇನ್ನು ಮಾತ್ರೆ, ಇನ್ಸುಲಿನ್ ಬೇಡ ಎಂದು ಯಾರೂ ನಿರ್ಧರಿಸಬಾರದು.

ಸ್ವಚ್ಛ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಆ ಒಬ್ಬರದಲ್ಲ. ಮಠಕ್ಕೆ ಬರುವ ಭಕ್ತರಲ್ಲಿಯೂ ಅನೇಕರು ನಮ್ಮನ್ನು ಇದನ್ನು ಕೇಳಿದ್ದಾರೆ. ಮೂಳೆ ಸವೆದ ಹಲ್ಲನ್ನು ಅಕ್ಕಪಕ್ಕದ ಕಲ್ಲೇ ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ, ಊದಿದ ವಸಡು ಇಳಿದಾಗ, ಮೊದಲೇ ಆಗಿದ್ದ ಹಾನಿ ಬಯಲಾಗುತ್ತದೆ. ಕೆಲವು ವಾರಗಳಲ್ಲಿ ವಸಡು ಬಿಗಿಯಾಗುತ್ತದೆ. ಆಯುರ್ವೇದದಲ್ಲಿ ಉಪಕರಣ ಹಾಕಿ ಕೆರೆಯುವುದಿಲ್ಲ, ಎಣ್ಣೆ ಕಷಾಯಗಳಲ್ಲೇ ಎಲ್ಲ ಗುಣವಾಗುತ್ತದೆ ಎಂದು ನಂಬಿ ನಮ್ಮಲ್ಲಿಗೆ ಬರುವವರೂ ಇದ್ದಾರೆ. ಅವರಿಗೆ ನಾವು ಸುಶ್ರುತರನ್ನೇ ತೋರಿಸುತ್ತೇವೆ. ಹಲ್ಲಿಗಂಟಿದ ಕಲ್ಲಿಗೆ ಅವರು ಇಟ್ಟ ಹೆಸರು ದಂತಶರ್ಕರಾ. ದಂತಮೂಲಕ್ಕೆ ಪೆಟ್ಟಾಗದಂತೆ ಅದನ್ನು ಕಿತ್ತು ತೆಗೆಯಬೇಕೆಂದು ಚಿಕಿತ್ಸಾಸ್ಥಾನದಲ್ಲಿ ವಿಧಿಸಿದ್ದಾರೆ. ಅದಕ್ಕೆಂದು ದಂತಶಂಕುವೆಂಬ ಶಸ್ತ್ರವನ್ನೂ ಹೇಳಿದ್ದಾರೆ. ಶರ್ಕರಾ ಎಂದರೆ ಮರಳು ಹರಳು ಎಂದೂ ಹೌದು, ಸಕ್ಕರೆ ಎಂದೂ ಹೌದು. ಒಂದೇ ಶಬ್ದ ಎರಡೂ ವ್ಯಾಧಿಗಳಿಗೆ ಒದಗಿಬಂದಿರುವುದು ಕಾಕತಾಳೀಯವಿದ್ದೀತು, ಆದರೂ ನೆನಪಿಡಲು ಅನುಕೂಲ. ಗಟ್ಟಿಯಾದ ಕಲ್ಲು ಯಾವ ಎಣ್ಣೆಗೂ ಕರಗದು.

ಕೋಲಾರ ಜಿಲ್ಲೆಯವರು ಹೇಳುವ ಇನ್ನೊಂದು ಮಾತು ನೀರಿನದು. ನಮ್ಮ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಅನೇಕ ಕಡೆ ದಾಟಿರುವುದು ನಿಜ. ಬಾಲ್ಯದಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ, ಮಚ್ಚೆ ಬೀಳುತ್ತವೆ. ಆದರೆ ಬಣ್ಣ ಕೆಟ್ಟ ಹಲ್ಲು ಬೇರೆ, ಬುಡ ಸಡಿಲವಾದ ಹಲ್ಲು ಬೇರೆ. ಕಂದು ಮಚ್ಚೆಯ ಹಲ್ಲಿನ ಬುಡದಲ್ಲಿ ರಕ್ತ ಬಂದಾಗ "ನಮ್ಮ ನೀರೇ ಹಂಗೆ" ಎಂದು ಸುಮ್ಮನಾದರೆ ಮಧುಮೇಹ ಕಣ್ತಪ್ಪಿಸಿಕೊಳ್ಳುತ್ತದೆ.

ಈಗ ಮನೆಯಲ್ಲಿ ಮಾಡಬೇಕಾದುದು. ಬೇವಿನ ಕಡ್ಡಿ, ಹೊಂಗೆಯ ಕಡ್ಡಿ ಶಾಸ್ತ್ರಸಮ್ಮತ. ಕಹಿಯಲ್ಲಿ ಬೇವು, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಸುಶ್ರುತರು ಹೇಳಿದ್ದಾರೆ, ಎರಡೂ ನಮ್ಮ ಕಡೆ ಬೇಕಾದಷ್ಟಿವೆ. ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮಾಡಿಕೊಂಡು ಬಳಸಬೇಕು. ಆದರೆ ಕಡ್ಡಿಯಿಂದ ಹೊರಮೈ ಮಾತ್ರ ಹಸನಾಗುತ್ತದೆ, ಹಲ್ಲಿನ ಒಳಮೈ ಮತ್ತು ಕಡೆಯ ದವಡೆ ಉಳಿದುಬಿಡುತ್ತವೆ ಎಂಬುದನ್ನು ನಾವು ನಿತ್ಯ ಕಾಣುತ್ತೇವೆ. ಮಧುಮೇಹಿಗಳು ಬೆಳಿಗ್ಗೆ ಮತ್ತು ಮಲಗುವ ಮುನ್ನ ಮೃದುವಾದ ಬ್ರಷ್ಷಿನಿಂದ ಎರಡೆರಡು ನಿಮಿಷ ವಸಡಿನ ಅಂಚಿಗೆ ತಾಗುವಂತೆ ಉಜ್ಜಲಿ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯವಾದರೆ ರಾತ್ರಿಯದನ್ನು ಬಿಡಬೇಡಿ. ರಕ್ತ ಬರುತ್ತದೆಂದು ಆ ಭಾಗವನ್ನು ಮುಟ್ಟದೆ ಬಿಡುವುದು ದೊಡ್ಡ ತಪ್ಪು, ರಕ್ತ ಬರುವುದೇ ಅಲ್ಲಿ ಪಾಚಿ ಇರುವುದರಿಂದ. ಇದ್ದಿಲು, ಇಟ್ಟಿಗೆಪುಡಿ, ಹರಳುಪ್ಪು ಹಾಕಿ ತಿಕ್ಕುವುದನ್ನು ನಿಲ್ಲಿಸಬೇಕು. ಎಳ್ಳೆಣ್ಣೆಯನ್ನು ಬಾಯಲ್ಲಿ ತುಂಬಿಕೊಂಡು ಉಗುಳುವ ಗಂಡೂಷದಿಂದ ಹಲ್ಲಿನ ಬುಡ ದೃಢವಾಗುತ್ತದೆ, ಬಾಯಿ ಒಣಗದು ಎಂದು ಚರಕರ ಮತ. ಒಣಬಾಯಿಯ ಮಧುಮೇಹಿಗಳಿಗೆ ಇದು ಹಿತ. ತ್ರಿಫಲಾ ಕಷಾಯದಿಂದ ಮುಕ್ಕಳಿಸುವುದೂ ಒಳ್ಳೆಯದೇ. ಇವು ಉಜ್ಜುವುದಕ್ಕೆ ಸಹಾಯಕ, ಬದಲಿಯಲ್ಲ.

ನಮ್ಮ ಪದ್ಧತಿಯ ಔಷಧಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಲೇಹ್ಯಗಳಲ್ಲಿ ಸಕ್ಕರೆ, ಬೆಲ್ಲ ಇರುತ್ತದೆ, ಆಸವ ಅರಿಷ್ಟಗಳಲ್ಲಿಯೂ ಬೆಲ್ಲ ಬಿದ್ದಿರುತ್ತದೆ. ಆಯುರ್ವೇದವೆಂದ ಮಾತ್ರಕ್ಕೆ ಮಧುಮೇಹಿಗೆ ನಿರಪಾಯವಲ್ಲ. ಬಾಯಿ ಒಣಗಿತೆಂದು ಪೆಪ್ಪರಮೆಂಟು ಚೀಪುವುದೂ ಬೇಡ, ಆಗಾಗ ಗುಟುಕು ನೀರು ಸಾಕು. ದಾಸೋಹದ ಪ್ರಸಾದದಲ್ಲಿ ಪಾಯಸವಿದ್ದಾಗ ಭಕ್ತಿಗೆ ಒಂದು ಚಮಚ ಸಾಲದೇ? ಸ್ವೀಕರಿಸಿ, ಎದ್ದ ಮೇಲೆ ಬಾಯಿ ಮುಕ್ಕಳಿಸಿ.

ದಂತವೈದ್ಯರ ಬಳಿ ಹೋಗುವಾಗ ಉಪವಾಸವಿರಬಾರದು. ಇಷ್ಟಲಿಂಗ ಪೂಜೆ ಮುಗಿಯುವವರೆಗೆ ಏನನ್ನೂ ಸೇವಿಸದ ಹಿರಿಯರು ನಮ್ಮಲ್ಲಿ ಬಹಳ. ಆ ನೇಮಕ್ಕೆ ನಾವು ಅಡ್ಡ ಬರುವವರಲ್ಲ. ಪೂಜೆ ಮುಗಿಸಿ, ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಉಪಾಹಾರ ಮಾಡಿಯೇ ಹೊರಡಿ. ಔಷಧ ತೆಗೆದುಕೊಂಡು ಹಸಿದು ಕುಳಿತರೆ ಸಕ್ಕರೆ ತೀರ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗಬಹುದು. ಮಧುಮೇಹವಿದೆಯೆಂದೂ, ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಕೂಡದು. ವಸಡಿನಲ್ಲಿ ಬಾವು, ಮುಖದಲ್ಲಿ ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಕಂಡರೆ ಸಕ್ಕರೆ ಇಳಿಯಲೆಂದು ಮನೆಯಲ್ಲಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಯ ಅಂಕಿಗಳನ್ನು ಮನೆಯವರು ತಿಳಿದಿರಲಿ. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕೂ ಹೆಚ್ಚು, ಎಚ್‌ಬಿಎ1ಸಿ 6.5 ಅಥವಾ ಅದಕ್ಕೂ ಹೆಚ್ಚು ಬಂದರೆ ಮಧುಮೇಹದ ಶಂಕೆ, ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಅಂದು ಆ ತಾಯಿಗೆ ಇದ್ದ ಹಣದ ಅಡಚಣೆ ಇಂದು ಅಷ್ಟರಮಟ್ಟಿಗೆ ಇಲ್ಲ. ಕೆ.ಜಿ.ಎಫ್.ನಲ್ಲಿಯೇ ದಂತವೈದ್ಯ ಕಾಲೇಜು ಇರುವುದರಿಂದ ಹಲ್ಲಿಗಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಯೂ ಇಲ್ಲ. ಮಧುಮೇಹಿಗಳು ನೋವಿಲ್ಲದಿದ್ದರೂ ಆರು ತಿಂಗಳಿಗೊಮ್ಮೆ, ವಸಡಿನ ರೋಗ ಈಗಾಗಲೇ ಇದ್ದರೆ ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಹಲ್ಲು ಈಗಾಗಲೇ ಹೋಗಿರುವ ಬಡ ಹಿರಿಯರಿಗೆ ರಾಜ್ಯ ಸರಕಾರದ ದಂತಭಾಗ್ಯ ಯೋಜನೆಯಲ್ಲಿ ದಂತವೈದ್ಯ ಕಾಲೇಜುಗಳ ಮೂಲಕ ಕಟ್ಟುಹಲ್ಲು ಕೊಡುವ ವ್ಯವಸ್ಥೆಯಿದೆ. ಬಿ.ಪಿ.ಎಲ್. ಕಾರ್ಡು ಹಿಡಿದು ವಿಚಾರಿಸಬಹುದು. ಕಟ್ಟುಹಲ್ಲು ಹಾಕಿಸಿಕೊಂಡ ಮಧುಮೇಹಿಗಳು ರಾತ್ರಿ ಅದನ್ನು ತೆಗೆದು, ತೊಳೆದು, ನೀರಿನಲ್ಲಿಟ್ಟು ಮಲಗಬೇಕು. ಅಂಗುಳಿನಲ್ಲಿ ಕೆಂಪು ಉರಿ, ಬಿಳಿಯ ಪೊರೆ ಕಂಡರೆ ಅದು ಬೂಷ್ಟಿನ ಸೋಂಕಾಗಿರಬಹುದು. ಆಗಲೂ ಸಕ್ಕರೆಯನ್ನು ಒಮ್ಮೆ ನೋಡಿಸಿ.